ಗ್ಲೌಸ್ ಹಾಕಿದರೆ ಕೈ ಉರಿ, ಹಾಕದಿದ್ದರೆ ಡ್ಯೂಟಿ ಇಲ್ಲ. ನಿಮಗೂ ಹೀಗಾ?

ಮಳೆಸಾಲು_ಸಿಸ್ಟರ್

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. 11 ವರ್ಷದಿಂದ ಇದೇ ಕೆಲಸ. ಮೊದಲ 9 ವರ್ಷ ಕೈಗೆ ಏನೂ ಆಗಿರಲಿಲ್ಲ. ಎರಡು ವರ್ಷದಿಂದ ಬೆರಳ ಸಂದಿಯಲ್ಲಿ ತುರಿಕೆ ಶುರುವಾಯಿತು. ಈಗ ಕೈಯ ಹಿಂಬದಿ ಪೂರ್ತಿ ಕೆಂಪು. ಮಣಿಕಟ್ಟಿನಲ್ಲಿ ಗ್ಲೌಸ್ ಮುಗಿಯುವ ಜಾಗಕ್ಕೆ ಸರಿಯಾಗಿ ಗೆರೆ ಎಳೆದ ಹಾಗೆ ದದ್ದು. ಬೆರಳ ಗೆಣ್ಣುಗಳು ಒಡೆದಿವೆ. ಸ್ಯಾನಿಟೈಸರ್ ಬಿದ್ದರೆ ಕಣ್ಣಲ್ಲಿ ನೀರು ಬರುತ್ತದೆ.

ಎರಡು ದಿನ ರಜೆ ಸಿಕ್ಕರೆ ಸ್ವಲ್ಪ ಇಳಿಯುತ್ತದೆ. ಡ್ಯೂಟಿಗೆ ಹೋದ ಮರುದಿನ ಮತ್ತೆ ಏಳುತ್ತದೆ. ಹೋದ ವರ್ಷ ಬಿಳಿ ಲೇಟೆಕ್ಸ್ (ರಬ್ಬರ್ ಹಾಲಿನ) ಗ್ಲೌಸ್ ನಿಲ್ಲಿಸಿ ನೀಲಿ ನೈಟ್ರೈಲ್ (ಕೃತಕ ರಬ್ಬರ್) ಕೊಟ್ಟರು. ಇನ್ನು ಮುಗಿಯಿತು ಅಂದುಕೊಂಡೆ. ಏನೂ ಬದಲಾಗಲಿಲ್ಲ.

ಹಿರಿಯರಿಗೆ ಹೇಳಿದೆ. "ನಿನ್ನ ಚರ್ಮ ಸೂಕ್ಷ್ಮ, ಏನು ಮಾಡೋದು" ಎಂದರು. ಮೆಡಿಕಲ್‌ನಿಂದ ಒಂದು ಟ್ಯೂಬ್ ತಂದು ಹಚ್ಚಿದೆ. ಹಚ್ಚಿದಾಗ ಹೋಗುತ್ತದೆ, ಬಿಟ್ಟರೆ ದುಪ್ಪಟ್ಟು. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗುತ್ತೇನೆ. ಬೆಳಿಗ್ಗೆಯೂ ಸ್ವಲ್ಪ ಹಚ್ಚಿಕೊಂಡೇ ಹೋಗುತ್ತೇನೆ.

ಇದು ಗ್ಲೌಸಿನಿಂದಲಾ, ಸ್ಯಾನಿಟೈಸರಿನಿಂದಲಾ, ಅಥವಾ ನಮ್ಮ ಮಳೆಯ ತೇವದಿಂದಲಾ? ಯಾರಿಗೆ ತೋರಿಸಬೇಕು? ಇನ್ನೊಂದು ವಿಷಯ. ನಮ್ಮ ವಾರ್ಡಿನ ಒಬ್ಬಳು ಹೊಸ ಹುಡುಗಿಗೂ ಹೀಗೇ ಆಗುತ್ತಿದೆ. ಗುತ್ತಿಗೆ ಕೆಲಸ. ಹೇಳಿದರೆ ಕೆಲಸದಿಂದ ತೆಗೆದಾರು ಎಂದು ಮುಚ್ಚಿಟ್ಟಿದ್ದಾಳೆ. ನನಗಿಂತ ಅವಳ ಕೈ ನೋಡಿದರೆ ಸಂಕಟವಾಗುತ್ತದೆ.

ನಾಪೋಕ್ಲು_ಹುಡುಗಿ

ನನಗೂ ಅದೇ ಮಣಿಕಟ್ಟಿನ ಗೆರೆ! ವಾಚ್‌ನಿಂದ ಅಂದುಕೊಂಡಿದ್ದೆ. ವಾಚ್ ಬಿಟ್ಟು ಆರು ತಿಂಗಳಾಯಿತು, ಗೆರೆ ಹೋಗಿಲ್ಲ.

ಕಾಫಿಹೂವು

ಸಿಸ್ಟರ್, ಇದು ಸ್ಯಾನಿಟೈಸರೇ. ಅನುಮಾನವೇ ಬೇಡ. ನಾನು ಕ್ಲಿನಿಕ್‌ನಲ್ಲಿ ರಿಸೆಪ್ಷನ್. ಸ್ಯಾನಿಟೈಸರ್ ಬಿಟ್ಟು ಸೋಪಿನಲ್ಲಿ ಕೈ ತೊಳೆಯಲು ಶುರು ಮಾಡಿದೆ, ಸರಿ ಹೋಯಿತು. ಆಲ್ಕೋಹಾಲ್ ಚರ್ಮ ಸುಡುತ್ತದೆ ಅಲ್ವಾ.

ಲ್ಯಾಬ್_ಗೋಣಿಕೊಪ್ಪ

ಗ್ಲೌಸಿನಿಂದ ಹೀಗಾಗುವುದು ನನಗೆ ಚೆನ್ನಾಗಿ ಗೊತ್ತು. ನಾನು ಲ್ಯಾಬ್ ಟೆಕ್ನಿಷಿಯನ್. ಮೊದಲು ಕೆಲಸ ಮಾಡುತ್ತಿದ್ದ ಕಡೆ ಪೌಡರ್ ಹಾಕಿದ ಲೇಟೆಕ್ಸ್ ಗ್ಲೌಸ್ ಇತ್ತು. ಹಾಕಿದ ಹತ್ತು ನಿಮಿಷಕ್ಕೆ ಕೈ ತುಂಬ ಗಂಧೆ ಏಳುತ್ತಿತ್ತು. ಪಕ್ಕದವರು ಗ್ಲೌಸ್ ಕಿತ್ತು ಎಸೆದರೆ ನನಗೆ ಸಾಲು ಸೀನು. ಧೂಳು ಅಂದುಕೊಂಡೆ. ಒಂದು ದಿನ ಮನೆಯಲ್ಲಿ ಬೆಣ್ಣೆ ಹಣ್ಣಿನ ಜ್ಯೂಸ್ ಕುಡಿದೆ. ತುಟಿ ಊದಿತು, ಗಂಟಲು ಕಟ್ಟಿದ ಹಾಗಾಯಿತು. ನಮ್ಮ ತೋಟದ್ದೇ ಹಣ್ಣು, ಚಿಕ್ಕಂದಿನಿಂದ ತಿಂದದ್ದು. ಗ್ಲೌಸಿಗೂ ಹಣ್ಣಿಗೂ ಏನು ಸಂಬಂಧ ಎಂದು ಯಾರೂ ಹೇಳಲಿಲ್ಲ. ನೀವು ನೈಟ್ರೈಲ್‌ಗೆ ಬದಲಾದರೂ ಹೋಗಿಲ್ಲ ಅಂದರೆ ನಿಮ್ಮದು ಬೇರೆ ಏನೋ ಇರಬೇಕು.

ಚರ್ಮದ_ಡಾಕ್ಟರ್

ನನ್ನ ಊರು ಕುಶಾಲನಗರದ ಹತ್ತಿರ. ಈಗ ಮೈಸೂರಿನಲ್ಲಿ ಚರ್ಮರೋಗ ವಿಭಾಗದಲ್ಲಿದ್ದೇನೆ. ಮೊದಲು @ಲ್ಯಾಬ್_ಗೋಣಿಕೊಪ್ಪ ಅವರಿಗೆ ಉತ್ತರಿಸುತ್ತೇನೆ, ಏಕೆಂದರೆ ಅದು ಜೀವಕ್ಕೆ ಸಂಬಂಧಿಸಿದ್ದು.

ನೀವು ಹೇಳಿದ್ದು ಲೇಟೆಕ್ಸ್ ಅಲರ್ಜಿಯ ಹಾಗೆ ಕಾಣುತ್ತದೆ. ರಬ್ಬರ್ ಮರದ ಹಾಲಿನಲ್ಲಿ ಇರುವ ಪ್ರೋಟೀನಿಗೆ ಆಗುವ ಅಲರ್ಜಿ ಇದು. ನಿಮಿಷಗಳಲ್ಲಿ ಏಳುತ್ತದೆ. ಗಂಧೆ, ಸೀನು, ಉಬ್ಬಸ, ಕೆಲವರಿಗೆ ಬಿಪಿ ಬಿದ್ದು ಪ್ರಾಣಾಪಾಯ. ಗ್ಲೌಸಿನ ಪೌಡರ್ ಮೆಕ್ಕೆಜೋಳದ ಪಿಷ್ಟ. ಪ್ರೋಟೀನ್ ಅದಕ್ಕೆ ಅಂಟಿಕೊಂಡು ಗಾಳಿಯಲ್ಲಿ ತೇಲುತ್ತದೆ. ಅದಕ್ಕೇ ಪಕ್ಕದವರು ಗ್ಲೌಸ್ ತೆಗೆದರೂ ನಿಮಗೆ ಸೀನು. ಅಮೆರಿಕದಲ್ಲಿ 2017ರ ಜನವರಿಯಿಂದ ಪೌಡರ್ ಗ್ಲೌಸನ್ನೇ ನಿಷೇಧಿಸಿದ್ದಾರೆ. ಬೆಣ್ಣೆ ಹಣ್ಣು, ಬಾಳೆ, ಕಿವಿ, ಪಪ್ಪಾಯಿ ಇವುಗಳಲ್ಲಿ ಲೇಟೆಕ್ಸ್‌ನದ್ದನ್ನು ಹೋಲುವ ಪ್ರೋಟೀನ್ ಇದೆ. ಲೇಟೆಕ್ಸ್ ಅಲರ್ಜಿ ಇರುವ ಹಲವರಿಗೆ ಈ ಹಣ್ಣುಗಳೂ ಆಗುವುದಿಲ್ಲ. ದಯವಿಟ್ಟು ರಕ್ತದಲ್ಲಿ ಲೇಟೆಕ್ಸ್ ಐಜಿಇ (ಈ ಅಲರ್ಜಿ ಇದೆಯಾ ಎಂದು ತೋರಿಸುವ) ಪರೀಕ್ಷೆ ಮಾಡಿಸಿ. ಹಲ್ಲು ಕೀಳಿಸಲು ಹೋದರೂ, ಆಪರೇಷನ್‌ಗೆ ಹೋದರೂ, ಹೆರಿಗೆಗೆ ಹೋದರೂ ಮೊದಲೇ ಹೇಳಿ. ಮನೆಯಲ್ಲಿ "ಒಂದು ತುಂಡು ತಿಂದು ನೋಡೋಣ" ಎಂಬ ಪ್ರಯೋಗ ಬೇಡವೇ ಬೇಡ.

ಈಗ ಮಳೆಸಾಲು ಸಿಸ್ಟರ್. ನಿಮ್ಮದನ್ನು ನೋಡದೆ ಹೇಳಲಾರೆ. ಆದರೆ ಕೈಗೆ ಆಗುವುದು ಮುಖ್ಯವಾಗಿ ಎರಡು ಬಗೆ. ಒಂದು, ಬರೀ ಸವೆತ. ಸೋಪು, ನೀರು, ಬೆವರು ಚರ್ಮದ ಎಣ್ಣೆಯನ್ನು ತೆಗೆದುಬಿಡುತ್ತವೆ. ಅದು ಬೆರಳ ಸಂದಿಯಲ್ಲಿ, ಉಂಗುರದ ಕೆಳಗೆ ಶುರುವಾಗುತ್ತದೆ. ಯಾರಿಗೂ ಬರಬಹುದು. ಇನ್ನೊಂದು, ನಿಜವಾದ ಅಲರ್ಜಿ. ಇದು ನಿಮಿಷಗಳಲ್ಲಿ ಬರುವುದಿಲ್ಲ, ಒಂದೆರಡು ದಿನ ತಡವಾಗಿ ಏಳುತ್ತದೆ. ನಮ್ಮ ಕಡೆಯವರಿಗೆ ಚೇರೆ ಮರದ ಉದಾಹರಣೆ ಸಾಕು. ಕಾಡಿನಲ್ಲಿ ಸೊನೆ ತಾಗಿದ್ದು ಇವತ್ತು, ಮೈ ಊದುವುದು ನಾಳೆ, ನಾಡಿದ್ದು. ಜೊತೆಯಲ್ಲಿ ಮರ ಕಡಿದ ಇನ್ನೊಬ್ಬನಿಗೆ ಏನೂ ಆಗಿರುವುದಿಲ್ಲ. ಅದೇ ಬಗೆಯ ಅಲರ್ಜಿ ಇದು. ಗ್ಲೌಸಿನಲ್ಲಿ ಇದನ್ನು ಮಾಡುವುದು ಹೆಚ್ಚಾಗಿ ರಬ್ಬರ್ ಹಾಲಲ್ಲ. ರಬ್ಬರನ್ನು ಗಟ್ಟಿ ಮಾಡಲು ಕಾರ್ಖಾನೆಯಲ್ಲಿ ಸೇರಿಸುವ ಥೈಯುರಾಮ್, ಕಾರ್ಬಮೇಟ್ ಮುಂತಾದ ರಾಸಾಯನಿಕಗಳು. ಇವಕ್ಕೆ ಆಕ್ಸಿಲರೇಟರ್ ಎನ್ನುತ್ತಾರೆ. ನೀಲಿ ನೈಟ್ರೈಲ್‌ನಲ್ಲಿ ರಬ್ಬರ್ ಹಾಲು ಇಲ್ಲ. ಆದರೆ ಹೆಚ್ಚಿನ ನೈಟ್ರೈಲ್‌ನಲ್ಲಿ ಈ ಆಕ್ಸಿಲರೇಟರ್ ಇದೆ. ಗ್ಲೌಸ್ ಬದಲಾಯಿಸಿದರೂ ನಿಮಗೆ ಹೋಗದಿರುವುದಕ್ಕೆ ಇದು ಒಂದು ಕಾರಣ ಇರಬಹುದು. ಮಣಿಕಟ್ಟಿನ ಗೆರೆಯೂ ಅದೇ ಕಡೆ ಕೈ ತೋರಿಸುತ್ತದೆ.

ಎರಡೂ ಒಟ್ಟಿಗೆ ಇರುವುದು ಜಾಸ್ತಿ. ಸವೆದ ಚರ್ಮದ ಬಿರುಕಿನಿಂದ ರಾಸಾಯನಿಕ ಒಳಗೆ ಹೋಗಿ ಅಲರ್ಜಿ ಹುಟ್ಟುತ್ತದೆ. 9 ವರ್ಷ ಏನೂ ಆಗದೆ ಆಮೇಲೆ ಬಂದಿದೆ ಅಂದಿರಲ್ಲ, ಅದು ಹಾಗೆಯೇ ಬರುವುದು. "ಚರ್ಮ ಸೂಕ್ಷ್ಮ" ಎಂದು ನಿಮ್ಮ ತಲೆಗೆ ಕಟ್ಟುವುದು ತಪ್ಪು. ಪ್ಯಾಚ್ ಟೆಸ್ಟ್ ಮಾಡಿಸಿ, ಯಾವ ವಸ್ತುವಿಗೆ ಅಲರ್ಜಿ ಎಂದು ಚರ್ಮಕ್ಕೆ ಅಂಟಿಸಿ ನೋಡುವ ಪರೀಕ್ಷೆ ಅದು.

ಮಳೆಸಾಲು_ಸಿಸ್ಟರ್

ಡಾಕ್ಟ್ರೇ, ಓದಿ ಸುಮ್ಮನೆ ಕೂತುಬಿಟ್ಟೆ. ಎರಡು ವರ್ಷದಲ್ಲಿ ಒಬ್ಬರೂ ಇದನ್ನು ಹೇಳಲಿಲ್ಲ. ನೈಟ್ರೈಲ್ ಅಂದರೆ ಅಲರ್ಜಿ ಇಲ್ಲ ಎಂದೇ ನಮಗೆ ಹೇಳಿಕೊಟ್ಟದ್ದು.

ಕಾಫಿಹೂವು

ಹಾಗಾದರೆ ಸ್ಯಾನಿಟೈಸರ್ ತಪ್ಪೇ ಇಲ್ಲವಾ? ನನ್ನ ಅನುಭವ ಸುಳ್ಳಾ?

ಸೋಂಕು_ತಡೆ_ಸಿಸ್ಟರ್

ನಿಮ್ಮ ಅನುಭವ ಸುಳ್ಳಲ್ಲ ಅಕ್ಕ. ರಿಸೆಪ್ಷನ್‌ನಲ್ಲಿ ನೀವು ದಿನಕ್ಕೆ ಎಷ್ಟು ಸಲ ತೊಳೆಯುತ್ತೀರಿ? ಆರು, ಏಳು? ವಾರ್ಡಿನವರು ತೊಳೆಯುವುದು ಅದರ ಹಲವು ಪಟ್ಟು. ಜರ್ಮನಿಯ ಹಳೆಯ ನಿಯಮದಲ್ಲಿ ದಿನಕ್ಕೆ 20ಕ್ಕಿಂತ ಜಾಸ್ತಿ ಸಲ ಕೈ ತೊಳೆದರೆ, ಅಥವಾ 2 ಗಂಟೆಗಿಂತ ಜಾಸ್ತಿ ಕೈ ಒದ್ದೆಯಲ್ಲಿ ಇಲ್ಲವೇ ಗ್ಲೌಸಿನೊಳಗೆ ಇದ್ದರೆ ಅದನ್ನು "ಒದ್ದೆ ಕೆಲಸ" ಎಂದು ಲೆಕ್ಕ ಹಾಕಿ ಚರ್ಮಕ್ಕೆ ರಕ್ಷಣೆ ಕೊಡಬೇಕಿತ್ತು. ನಮ್ಮ ಸಿಸ್ಟರ್‌ಗಳು ಬೆಳಗಿನ ರೌಂಡ್ಸ್ ಮುಗಿಯುವುದರೊಳಗೆ ಆ ಲೆಕ್ಕ ದಾಟಿರುತ್ತಾರೆ.

ಗ್ಲಿಸರಿನ್ ಇರುವ ಹ್ಯಾಂಡ್ ರಬ್ (ಸ್ಯಾನಿಟೈಸರ್) ಸೋಪಿಗಿಂತ ಚರ್ಮಕ್ಕೆ ಮೃದು. ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಮಿಶ್ರಣದಲ್ಲಿ 1.45% ಗ್ಲಿಸರಿನ್ ಇರುವುದೇ ಇದಕ್ಕೆ. ಒಡೆದ ಕೈಗೆ ಉರಿಯುತ್ತದೆ, ನಿಜ. ಆದರೆ ಉರಿ ಬೇರೆ, ಅಲರ್ಜಿ ಬೇರೆ. ಉರಿಯುತ್ತದೆ ಎಂದು ಸೋಪಿಗೆ ಹೋದರೆ ಇನ್ನೂ ಒಡೆಯುತ್ತದೆ.

ಮಳೆಸಾಲು_ಸಿಸ್ಟರ್

ಸಿಸ್ಟರ್, ಪುಸ್ತಕದಲ್ಲಿ ಇರುವುದು ಸರಿ. ಆದರೆ ಆ ಬಿರುಕಿನ ಮೇಲೆ ದಿನಕ್ಕೆ ನಲವತ್ತು ಸಲ ಹಾಕಿಕೊಳ್ಳಬೇಕಲ್ಲ, ಆಗ ಗೊತ್ತಾಗುತ್ತದೆ. ಗಾಯಕ್ಕೆ ಮೆಣಸಿನಪುಡಿ ಹಚ್ಚಿದ ಹಾಗೆ.

ಸೋಂಕು_ತಡೆ_ಸಿಸ್ಟರ್

ಒಪ್ಪುತ್ತೇನೆ. ಬಿರುಕು ವಾಸಿಯಾಗುವವರೆಗೆ ನಿಮ್ಮನ್ನು ಒದ್ದೆ ಕೆಲಸದಿಂದ ಸ್ವಲ್ಪ ದಿನ ದೂರ ಇಡಬೇಕು. ಅದು ನಿಮ್ಮ ಇನ್‌ಚಾರ್ಜ್ ಮಾಡಬೇಕಾದ ಕೆಲಸ. ನೀವು ಸಹಿಸಿಕೊಂಡು ಹೋಗಿ ಎಂದು ನಾನು ಹೇಳುತ್ತಿಲ್ಲ. ಒಡೆದ ಚರ್ಮದಲ್ಲಿ ಕೀಟಾಣುಗಳು ಮನೆ ಮಾಡುತ್ತವೆ. ಹಾಗಾಗಿ ಇದು ರೋಗಿಗಳ ವಿಷಯವೂ ಹೌದು.

ಇನ್ನೊಂದು ಮಾತು. ನಾವು ಬೇಡದ ಕಡೆಯೂ ಗ್ಲೌಸ್ ಹಾಕುತ್ತೇವೆ. ಬಿಪಿ ನೋಡಲು, ಜ್ವರ ನೋಡಲು, ಕೇಸ್ ಶೀಟ್ ಬರೆಯಲು, ಊಟದ ತಟ್ಟೆ ಕೊಡಲು ಗ್ಲೌಸ್ ಬೇಕಿಲ್ಲ. ರಕ್ತ, ಮೈ ದ್ರವ, ಗಾಯ, ಸೋಂಕಿನ ಭಯ ಇರುವಲ್ಲಿ ಮಾತ್ರ ಬೇಕು. ಹ್ಯಾಂಡ್ ರಬ್ ಪೂರ್ತಿ ಆರದೆ ಗ್ಲೌಸ್ ಎಳೆದುಕೊಳ್ಳುವುದೂ ದೊಡ್ಡ ತಪ್ಪು. ಒಳಗೆ ಬೆಂದು ಹೋಗುತ್ತದೆ.

ಗಡಿಯಾರ_ಕಂಬ

ಗ್ಲೌಸ್ ಕಡಿಮೆ ಹಾಕಿ ಎಂದು ಸಾರ್ವಜನಿಕವಾಗಿ ಹೇಳುವುದು ಸರಿಯಲ್ಲ. ನಾನು ರೋಗಿಯಾಗಿ ಹೋದರೆ ಸಿಸ್ಟರ್ ಗ್ಲೌಸ್ ಹಾಕಿರಬೇಕು.

ಸೋಂಕು_ತಡೆ_ಸಿಸ್ಟರ್

ನಾಲ್ಕು ರೋಗಿಗಳನ್ನು ಮುಟ್ಟಿದ ಒಂದೇ ಗ್ಲೌಸ್ ನಿಮ್ಮನ್ನೂ ಮುಟ್ಟಬೇಕಾ, ಅಥವಾ ಆಗ ತಾನೇ ಶುದ್ಧ ಮಾಡಿದ ಬರಿಗೈ ಮುಟ್ಟಬೇಕಾ? ಯೋಚಿಸಿ ನೋಡಿ ಸರ್.

ಶನಿವಾರಸಂತೆ_ಮೆಡಿಕಲ್ಸ್

ಆ ಟ್ಯೂಬ್ ಯಾವುದು ಸಿಸ್ಟರ್? ಹೆಸರು ಬೇಡ, ಸ್ಟೀರಾಯ್ಡ್ ಮತ್ತು ಫಂಗಸ್ ಔಷಧಿ ಎರಡೂ ಸೇರಿದ್ದಾ? ನಾನು ಅಂಗಡಿ ಇಟ್ಟವನೇ ಹೇಳುತ್ತಿದ್ದೇನೆ, ಚೀಟಿ ಇಲ್ಲದೆ ಅದನ್ನು ಕೊಡಬಾರದು. ಆದರೂ ಎಲ್ಲರೂ ಕೇಳುತ್ತಾರೆ, ಕೊಡದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಮಳೆಗಾಲದಲ್ಲಿ ನಮ್ಮಲ್ಲಿ ಜಾಸ್ತಿ ಹೋಗುವ ಮಾಲು ಅದೇ.

ಚರ್ಮದ_ಡಾಕ್ಟರ್

ಇದನ್ನು ಹೇಳಿದ್ದಕ್ಕೆ ಧನ್ಯವಾದ. ಕೊಡಗಿನ ಮಳೆಯಲ್ಲಿ ಹುಳುಕಡ್ಡಿ ಬಹಳ. ಅದರ ಮೇಲೆ ಸ್ಟೀರಾಯ್ಡ್ ಹಚ್ಚಿದರೆ ತುರಿಕೆ ನಿಲ್ಲುತ್ತದೆ, ಫಂಗಸ್ ಒಳಗೊಳಗೆ ಹರಡುತ್ತದೆ. ಅದರ ಗುರುತೂ ಬದಲಾಗಿ ನಮಗೇ ಕಂಡುಹಿಡಿಯಲು ಕಷ್ಟ. ಅಲರ್ಜಿಗೆ ಸ್ಟೀರಾಯ್ಡ್ ಬೇಕಾಗುತ್ತದೆ, ಆದರೆ ಯಾವುದು, ಎಷ್ಟು ದಿನ ಎಂದು ನೋಡಿದವರು ಬರೆದುಕೊಡಬೇಕು. ಮುಖಕ್ಕೆ ಹಚ್ಚುವುದು ಬೇರೆ, ಅಂಗೈಗೆ ಬೇರೆ.

ಸಿಸ್ಟರ್, ಮತ್ತೊಂದು ಮರೆತಿದ್ದೆ. ಬೆಳಿಗ್ಗೆ ಕೊಬ್ಬರಿ ಎಣ್ಣೆ ಹಚ್ಚಿ ಡ್ಯೂಟಿಗೆ ಹೋಗುತ್ತೇನೆ ಅಂದಿರಿ. ಲೇಟೆಕ್ಸ್ ಗ್ಲೌಸಿಗೆ ಎಣ್ಣೆ, ವ್ಯಾಸಲೀನ್ ತಾಗಿದರೆ ರಬ್ಬರ್ ಸಡಿಲವಾಗಿ ಹರಿಯುತ್ತದೆ. ಕಣ್ಣಿಗೆ ಕಾಣದ ತೂತು ಬಿದ್ದರೆ ನಿಮಗೇ ಅಪಾಯ. ನೈಟ್ರೈಲ್ ಎಣ್ಣೆಗೆ ಅಷ್ಟು ಹೆದರುವುದಿಲ್ಲ. ಡ್ಯೂಟಿಯಲ್ಲಿ ಬೇಗ ಹೀರಿಕೊಳ್ಳುವ, ಸುವಾಸನೆ ಇಲ್ಲದ ಕ್ರೀಮ್ ಹಚ್ಚಿ. ಮನೆಗೆ ಬಂದು ಮಲಗುವಾಗ ಬೇಕಾದಷ್ಟು ಎಣ್ಣೆ ಹಚ್ಚಿ, ಹತ್ತಿ ಗ್ಲೌಸ್ ಹಾಕಿ ಮಲಗಿ. ಉಂಗುರ ತೆಗೆದಿಡಿ. ಸೋಪು ಅದರ ಕೆಳಗೆ ಕೂತುಬಿಡುತ್ತದೆ.

ಕಕ್ಕಡದ_ಅಜ್ಜಿ_ಮೊಮ್ಮಗ

ಮದ್ದು ಸೊಪ್ಪಿನ ರಸ ಹಚ್ಚಬಹುದಾ? ನಮ್ಮ ಅಜ್ಜಿ ಎಲ್ಲದಕ್ಕೂ ಅದನ್ನೇ ಹೇಳುತ್ತಾರೆ. ಬಿರುಕಿಗೆ ಕಾಚಂಪುಳಿ ಎಂದೂ ಕೇಳಿದ್ದೇನೆ.

ನಾಪೋಕ್ಲು_ಹುಡುಗಿ

ಅಯ್ಯೋ ಕಾಚಂಪುಳಿ ಬೇಡ ಮಾರಾಯ! ಅದು ಹಂದಿ ಕರಿಗೆ ಹಾಕುವ ಹುಳಿ. ಒಡೆದ ಕೈಗೆ ಹಾಕಿದರೆ ಸಿಸ್ಟರ್ ಮಡಿಕೇರಿಯಿಂದ ಕೂಗಿದ್ದು ಭಾಗಮಂಡಲಕ್ಕೆ ಕೇಳುತ್ತದೆ.

ಕಕ್ಕಡದ_ಅಜ್ಜಿ_ಮೊಮ್ಮಗ

ಸರಿ ಸರಿ. ಮದ್ದು ಸೊಪ್ಪು ಕೊಡವರ ಕಕ್ಕಡ ತಿಂಗಳ 18ರಂದು ಪಾಯಸ ಮಾಡಿ ಕುಡಿಯುವುದಕ್ಕೆ ಇರಲಿ. ಈ ಸಲ ನಮ್ಮ ಕಡೆ ಸೊಪ್ಪು ಚೆನ್ನಾಗಿ ಬಂದಿದೆ, ಬೇಕಾದವರು ಹೇಳಿ.

ಸೋಮವಾರಪೇಟೆ_ಅಣ್ಣ

ನನಗೆ ಬೇಕು. ನಮ್ಮ ಕಡೆ ಸಿಗುವುದಿಲ್ಲ. ಆ ನೇರಳೆ ಬಣ್ಣ ಬರುವಷ್ಟು ಸೊಪ್ಪು ಎಷ್ಟು ಹಾಕಬೇಕು?

ಮಳೆಸಾಲು_ಸಿಸ್ಟರ್

ಪಾಯಸದ ಮಾತು ಬೇರೆ ಕಡೆ ಇಟ್ಟುಕೊಳ್ಳಿ ಅಣ್ಣ, ದಯವಿಟ್ಟು. ಇಲ್ಲಿ ಓದುತ್ತಿರುವ ಎಷ್ಟೋ ಜನರ ಕೈ ಉರಿಯುತ್ತಿದೆ.

ಕರಿಕೆ_ರಬ್ಬರ್_ತೋಟ

ನಮಗೆ ರಬ್ಬರ್ ತೋಟ ಇದೆ. ಮೊದಲ ಸಾಲು ಓದಿ ರಬ್ಬರಿನ ಮೇಲೆ ಅಪವಾದ ಬಂತು ಎಂದು ಬೇಸರವಾಗಿತ್ತು. ಡಾಕ್ಟರ್ ಬಿಡಿಸಿ ಹೇಳಿದರು. ಒಂದು ಪ್ರಶ್ನೆ. ನಮ್ಮಲ್ಲಿ ಹಾಲು ತೆಗೆಯುವವರು ದಿನಾ ಬರಿಗೈಯಲ್ಲಿ ರಬ್ಬರ್ ಹಾಲು ಮುಟ್ಟುತ್ತಾರೆ. ಅವರಿಗೆ ಯಾಕೆ ಇಷ್ಟು ಆಗುವುದಿಲ್ಲ?

ಚರ್ಮದ_ಡಾಕ್ಟರ್

ಒಳ್ಳೆಯ ಪ್ರಶ್ನೆ. ಆಕ್ಸಿಲರೇಟರ್ ಸೇರುವುದು ಕಾರ್ಖಾನೆಯಲ್ಲಿ, ತೋಟದಲ್ಲಿ ಅಲ್ಲ. ನಿಮ್ಮವರು ಬಯಲಿನಲ್ಲಿ ಕೆಲಸ ಮಾಡುತ್ತಾರೆ, ಕೈ ಆಗಾಗ ಒಣಗುತ್ತದೆ. ಗ್ಲೌಸ್ ಒಳಗೆ ಬೆವರು, ಬಿಸಿ, ಉಜ್ಜಾಟ, ಮೇಲೆ ಗಾಳಿ ಇಲ್ಲ. ಅದರ ಜೊತೆ ಪೌಡರ್ ಉಸಿರಿನಲ್ಲಿ ಹೋಗುವುದು ಬೇರೆ. ಹಾಗೆಂದು ತೋಟದವರಿಗೆ ಬರುವುದೇ ಇಲ್ಲ ಎಂದಲ್ಲ. ಯಾರಿಗಾದರೂ ಗಂಧೆ, ಉಬ್ಬಸ ಬಂದರೆ ತೋರಿಸಿ.

ನಿವೃತ್ತ_ಥಿಯೇಟರ್_ಸಿಸ್ಟರ್

ಮಕ್ಕಳೇ, ನಾನು 34 ವರ್ಷ ಆಪರೇಷನ್ ಥಿಯೇಟರಿನಲ್ಲಿ ಇದ್ದವಳು. ನಮ್ಮ ಕಾಲದಲ್ಲಿ ಗ್ಲೌಸ್ ತೊಳೆದು, ತೂತು ಇದೆಯಾ ಎಂದು ಗಾಳಿ ತುಂಬಿ ನೋಡಿ, ಪೌಡರ್ ಹಾಕಿ, ಆಟೋಕ್ಲೇವ್ ಮಾಡಿ (ಬಿಸಿ ಹಬೆಯಲ್ಲಿ ಶುದ್ಧ ಮಾಡಿ) ಮತ್ತೆ ಬಳಸುತ್ತಿದ್ದೆವು. ಸಂಜೆ ಕೂತು ಗ್ಲೌಸಿಗೆ ಪೌಡರ್ ಹಾಕುವುದೇ ಹೊಸ ಹುಡುಗಿಯರ ಕೆಲಸ. ಒಬ್ಬಳಿಗೆ ಯಾವಾಗಲೂ ಉಬ್ಬಸ. ಮಡಿಕೇರಿ ಚಳಿ ಅವಳಿಗೆ ಹಿಡಿಸಲಿಲ್ಲ ಎಂದುಕೊಂಡೆವು. ಅವಳು ಕೆಲಸ ಬಿಟ್ಟು ಹೋದಳು. ಇವತ್ತು ಇಲ್ಲಿ ಪೌಡರ್ ವಿಷಯ ಓದಿದ ಮೇಲೆ ಅವಳ ಮುಖವೇ ಕಣ್ಣ ಮುಂದೆ. ಯಾರಿಗೂ ತಿಳಿದಿರಲಿಲ್ಲ. ತಿಳಿದಿದ್ದರೆ ಅವಳನ್ನು ಬೇರೆ ಕೆಲಸಕ್ಕೆ ಹಾಕಬಹುದಿತ್ತು.

ನಿಮಗೆ ಒಂದು ಹಳೆಯ ಕಥೆ ಹೇಳುತ್ತೇನೆ, ನಮಗೆ ಟ್ರೈನಿಂಗ್‌ನಲ್ಲಿ ಹೇಳಿದ್ದು. ಆಪರೇಷನ್‌ಗೆ ರಬ್ಬರ್ ಗ್ಲೌಸ್ ಬಂದದ್ದೇ ಒಬ್ಬ ನರ್ಸಿನ ಕೈ ಕೆಟ್ಟದ್ದರಿಂದ. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ. 1889-90ರ ಚಳಿಗಾಲ. ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ಥಿಯೇಟರ್ ನರ್ಸ್. ಆಗ ಕೈ ಶುದ್ಧ ಮಾಡಲು ಪಾದರಸದ ದ್ರಾವಣ ಬಳಸುತ್ತಿದ್ದರು. ಅವರ ಕೈ, ತೋಳು ಪೂರ್ತಿ ಇಸುಬು ಆಯಿತು. ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ತೆಳ್ಳಗಿನ ಗ್ಲೌಸ್ ಮಾಡಿಸಿಕೊಟ್ಟರು. ಆಮೇಲೆ ಇಬ್ಬರೂ ಮದುವೆಯಾದರು. ನೋಡಿ, ಆವತ್ತು ನರ್ಸಿನ ಚರ್ಮ ಕಾಪಾಡಲು ಬಂದ ಗ್ಲೌಸ್ ಅದು. "ನಿನ್ನ ಚರ್ಮ ಸೂಕ್ಷ್ಮ" ಎಂದು ಅವರನ್ನು ಮನೆಗೆ ಕಳಿಸಲಿಲ್ಲ.

ಲ್ಯಾಬ್_ಗೋಣಿಕೊಪ್ಪ

ಸಿಸ್ಟರಮ್ಮ, ಆ ಹುಡುಗಿಯ ಕಥೆ ಓದಿ ಮೈ ಜುಂ ಎಂದಿತು. ನಾನು ನಾಳೆಯೇ ರಕ್ತ ಪರೀಕ್ಷೆಗೆ ಕೊಡುತ್ತೇನೆ.

ಎರಡನೇ_ಅಲೆ

ಮಾಸ್ಕಿನ ಬಗ್ಗೆ ಯಾರೂ ಮಾತಾಡಿಲ್ಲ. ಕೋವಿಡ್ ಸಮಯದಲ್ಲಿ ಎನ್-95 ಮತ್ತು ಆ ಬಿಳಿ ಸೂಟ್ ಹಾಕಿ ಆರು ಗಂಟೆ ನಿಂತವನು ನಾನು. ಮೂಗಿನ ಮೇಲೆ ಹುಣ್ಣು, ಕಿವಿ ಹಿಂದೆ ಗಾಯ, ಕೆನ್ನೆ ತುಂಬ ಮೊಡವೆ. ಮೂಗಿನ ಮೇಲೆ ಈಗಲೂ ಕಪ್ಪು ಕಲೆ ಇದೆ. ಈಗ ಟಿಬಿ ವಾರ್ಡಿನಲ್ಲಿ ಮತ್ತೆ ಎನ್-95. ನಾನು ಒಳಗೆ ಟಿಶ್ಯೂ ಪೇಪರ್ ಮಡಿಸಿ ಇಟ್ಟುಕೊಳ್ಳುತ್ತೇನೆ, ನೋವು ಕಡಿಮೆ. ಬೇಕಾದವರು ಮಾಡಿ ನೋಡಿ.

ಸೋಂಕು_ತಡೆ_ಸಿಸ್ಟರ್

ಬೇಡ ಅಣ್ಣ! ಟಿಬಿ ವಾರ್ಡಿನಲ್ಲಿ ಖಂಡಿತ ಬೇಡ. ಮುಖಕ್ಕೂ ಮಾಸ್ಕಿಗೂ ನಡುವೆ ಕಾಗದವೋ ಬಟ್ಟೆಯೋ ಬಂದರೆ ಅಂಚಿನಿಂದ ಗಾಳಿ ನುಗ್ಗುತ್ತದೆ. ಆಮೇಲೆ ಎನ್-95 ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಮೂಗಿನ ಮೇಲೆ ಅಂಟಿಸುವ ತೆಳು ಹೈಡ್ರೊಕೊಲಾಯ್ಡ್ ಪಟ್ಟಿ ಸಿಗುತ್ತದೆ. ಅದನ್ನು ಹಾಕಿದರೂ ಗಾಳಿ ಸೋರುತ್ತಿದೆಯಾ ಎಂದು ಪ್ರತಿ ಸಲ ನೋಡಲೇಬೇಕು. ಕ್ರೀಮ್ ಹಚ್ಚುವುದಾದರೆ ಮಾಸ್ಕ್ ಹಾಕುವ ಅರ್ಧ ಗಂಟೆ ಮೊದಲು. ಬೇರೆ ಅಳತೆಯ ಮಾಸ್ಕ್ ಕೇಳಿ ನೋಡಿ. ಎಲ್ಲರ ಮುಖಕ್ಕೂ ಒಂದೇ ಅಳತೆ ಕೊಟ್ಟರೆ ಹೀಗೇ ಆಗುವುದು.

ಎರಡನೇ_ಅಲೆ

ಮೂರು ತಿಂಗಳಿಂದ ಟಿಶ್ಯೂ ಇಡುತ್ತಿದ್ದೇನೆ. ಮೊದಲೇ ಯಾರಾದರೂ ಹೇಳಬಾರದಿತ್ತಾ. ಇವತ್ತಿನಿಂದ ನಿಲ್ಲಿಸಿದೆ.

ಚರ್ಮದ_ಡಾಕ್ಟರ್

ಮೂಗಿನ ಹುಣ್ಣು ಒತ್ತಡದ ಗಾಯ, ಅಲರ್ಜಿ ಅಲ್ಲ. 2020ರಲ್ಲಿ ಚೀನಾದ ಹುಬೈನಲ್ಲಿ ಕೋವಿಡ್ ವಾರ್ಡಿನ 542 ಜನರನ್ನು ಕೇಳಿದಾಗ 97% ಜನ ಚರ್ಮಕ್ಕೆ ಏನಾದರೂ ತೊಂದರೆ ಆಗಿದೆ ಎಂದಿದ್ದರು. ಜಾಸ್ತಿ ಪೆಟ್ಟು ಬಿದ್ದದ್ದು ಮೂಗಿನ ಮೇಲೇ. ಆದರೆ ಕಿವಿ ಹಿಂದೆ ದಾರ ತಾಗುವ ಕಡೆ ಮಾತ್ರ ತುರಿಕೆ ಇದ್ದರೆ ಎಲಾಸ್ಟಿಕ್‌ನ ರಬ್ಬರ್ ರಾಸಾಯನಿಕ ಇರಬಹುದು. ಮೂಗಿನ ತಂತಿ ತಾಗುವ ಕಡೆ ದದ್ದು ಬಂದರೆ ನಿಕಲ್ ಲೋಹ ಇರಬಹುದು. ಅಗ್ಗದ ಓಲೆ ಹಾಕಿದರೆ ಕಿವಿ ತುರಿಸಿ ಕೆಂಪಾಗುವವರಿಗೆ ಈ ನಿಕಲ್ ಅಲರ್ಜಿ ಇರುವುದು ಜಾಸ್ತಿ.

ಅಮ್ಮನ_ಮಗ_ಸಿದ್ದಾಪುರ

ಇಷ್ಟು ಹೊತ್ತು ಓದುತ್ತಾ ಇದ್ದೆ. ನನ್ನ ಅಮ್ಮ ಆಸ್ಪತ್ರೆಯೊಂದರಲ್ಲಿ ಸ್ವಚ್ಛತೆ ಕೆಲಸ ಮಾಡುತ್ತಾರೆ. ಮೊದಲು ಎಸ್ಟೇಟಿನ ಲೈನ್ ಮನೆಯಲ್ಲಿದ್ದು ಕಾಫಿ ಕೊಯ್ಯುತ್ತಿದ್ದರು. ಅಮ್ಮನಿಗೆ ಒಂದೇ ಜೊತೆ ದಪ್ಪ ರಬ್ಬರ್ ಗ್ಲೌಸ್ ಕೊಟ್ಟಿದ್ದಾರೆ. ಬ್ಲೀಚಿಂಗ್ ನೀರು, ಫಿನಾಯಿಲ್, ವಾಂತಿ, ರಕ್ತ ಎಲ್ಲ ಒರೆಸುವುದು ಅದರಲ್ಲೇ. ಮಳೆಗಾಲದಲ್ಲಿ ಒಳಗೆ ಒಣಗುವುದೇ ಇಲ್ಲ. ಒದ್ದೆ ಗ್ಲೌಸಿಗೇ ಬೆಳಿಗ್ಗೆ ಕೈ ಹಾಕುತ್ತಾರೆ. ಅಂಗೈ ಚರ್ಮ ಸುಲಿದು ಹೋಗಿದೆ. ರೊಟ್ಟಿ ತಟ್ಟಲು ಆಗುವುದಿಲ್ಲ, ಸಾರಿಗೆ ಕೈ ಹಾಕಿದರೆ ಉರಿ. ಚಮಚದಲ್ಲಿ ಊಟ ಮಾಡುತ್ತಾರೆ. ಸಿಸ್ಟರ್‌ಗಳಿಗಾದರೂ ಹೇಳಿಕೊಳ್ಳಲು ಜಾಗ ಇದೆ. ಅಮ್ಮ ಯಾರ ಹತ್ತಿರ ಹೇಳಬೇಕು? ರಾತ್ರಿ ನಾನು ಗ್ಲೌಸನ್ನು ಒಲೆಯ ಹತ್ತಿರ ನೇತುಹಾಕಿ ಒಣಗಿಸಿ ಕೊಡುತ್ತೇನೆ.

ಮಳೆಸಾಲು_ಸಿಸ್ಟರ್

ತಮ್ಮಾ, ಓದಿ ಗಂಟಲು ಕಟ್ಟಿತು. ನಮ್ಮ ವಾರ್ಡಿನ ಆಯಮ್ಮನ ಕೈ ನಾನು ಯಾವತ್ತೂ ಹಿಡಿದು ನೋಡಿಲ್ಲ. ನಾಳೆ ನೋಡುತ್ತೇನೆ.

ಸೋಂಕು_ತಡೆ_ಸಿಸ್ಟರ್

ತಮ್ಮಾ, ಮೊದಲು ಒಂದು ಮಾತು ಕೇಳು, ಬೇಸರ ಮಾಡಿಕೊಳ್ಳಬೇಡ. ಆ ಗ್ಲೌಸನ್ನು ಮನೆಗೆ ತರಬೇಡಿ. ಅದರಲ್ಲಿ ಆಸ್ಪತ್ರೆಯ ರಕ್ತ, ಕಫ ಇರುತ್ತದೆ. ಒಲೆಯ ಹತ್ತಿರ, ಅಡುಗೆ ಮಾಡುವ ಕಡೆ ಅದು ಬರಲೇಬಾರದು. ತೊಳೆದು ಒಣಗಿಸುವ ವ್ಯವಸ್ಥೆ ಆಸ್ಪತ್ರೆಯಲ್ಲೇ ಇರಬೇಕು.

ಅಮ್ಮನಿಗೆ ಕನಿಷ್ಠ ಎರಡು ಜೊತೆ ಬೇಕು. ಒಂದು ಒಣಗುವಾಗ ಇನ್ನೊಂದು. ಒಳಗೆ ತೆಳ್ಳಗಿನ ಹತ್ತಿ ಗ್ಲೌಸ್, ಒದ್ದೆಯಾದ ಕೂಡಲೇ ಬದಲಾಯಿಸಬೇಕು. ಬ್ಲೀಚಿಂಗ್ ದ್ರಾವಣ ಕಣ್ಣಳತೆಯಲ್ಲಿ ಕಲಸುತ್ತಾರೆ, ಬೇಕಾದ್ದಕ್ಕಿಂತ ಗಟ್ಟಿ ಆಗಿರುತ್ತದೆ. ಅಳತೆ ಲೋಟ ಕೊಡಬೇಕು. ಫಿನಾಯಿಲ್, ಆಸಿಡ್ ಯಾವುದನ್ನೂ ಬ್ಲೀಚಿಂಗ್ ಜೊತೆ ಬೆರೆಸಬಾರದು. ಆಸಿಡ್ ಸೇರಿದರೆ ವಿಷದ ಗಾಳಿ ಏಳುತ್ತದೆ. ಯಾರ ಹತ್ತಿರ ಹೇಳಬೇಕು ಎಂದೆಯಲ್ಲ, ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿಗೆ. ಅದು ಸಿಸ್ಟರ್, ಡಾಕ್ಟರ್‌ಗಳಿಗೆ ಮಾತ್ರ ಇರುವುದಲ್ಲ. ಅಮ್ಮನಿಗೂ ಇದೆ.

ಗಡಿಯಾರ_ಕಂಬ

ಇಷ್ಟೆಲ್ಲ ಕಷ್ಟ ಇದ್ದರೆ ಬೇರೆ ಕೆಲಸ ನೋಡಿಕೊಳ್ಳಬಹುದಲ್ಲ? ತೋಟದಲ್ಲಿ ಕೆಲಸಕ್ಕೆ ಜನವೇ ಸಿಗುತ್ತಿಲ್ಲ.

ಅಮ್ಮನ_ಮಗ_ಸಿದ್ದಾಪುರ

ಅಮ್ಮನ ಮಂಡಿ ಸವೆದಿದೆ ಸರ್. ಏರು ತೋಟ ಹತ್ತಲು ಆಗದೆ ಈ ಕೆಲಸಕ್ಕೆ ಬಂದದ್ದು.

ನಿವೃತ್ತ_ಥಿಯೇಟರ್_ಸಿಸ್ಟರ್

ಗಡಿಯಾರ ಕಂಬದವರೇ, ಕೆಲಸ ಬಿಡಿ ಎನ್ನುವುದು ಸುಲಭ. ನಾವು ಆ ಹುಡುಗಿಯನ್ನು ಹಾಗೆಯೇ ಬಿಟ್ಟೆವು, ಮೂವತ್ತು ವರ್ಷ ಆದಮೇಲೆ ನಾನು ಇಲ್ಲಿ ಸಂಕಟ ಪಡುತ್ತಿದ್ದೇನೆ. ಕೈ ಕೆಟ್ಟರೆ ಸಾಮಾನು ಬದಲಾಯಿಸಬೇಕು, ಮನುಷ್ಯರನ್ನಲ್ಲ.

ವಿರಾಜಪೇಟೆ_ವಕೀಲ

ಕಾನೂನಿನ ಮಾತು ಸ್ವಲ್ಪ. 1923ರ ನೌಕರರ ಪರಿಹಾರ ಕಾಯ್ದೆಯ 3ನೇ ಅನುಸೂಚಿಯಲ್ಲಿ ಕೆಲಸದಿಂದ ಬರುವ ರೋಗಗಳ ಪಟ್ಟಿ ಇತ್ತು. 2025ರ ನವೆಂಬರ್‌ನಿಂದ ಅದರ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಅದರ 3ನೇ ಅನುಸೂಚಿಯಲ್ಲೂ ಈ ಪಟ್ಟಿ ಇದೆ. ಅದರಲ್ಲಿ ಚರ್ಮರೋಗಗಳೂ ಇವೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವವರಿಗೂ ಅದೇ ಪಟ್ಟಿ. ಆದರೆ ಬಾಯಿಮಾತು ನಡೆಯುವುದಿಲ್ಲ. ಯಾವಾಗ ಶುರುವಾಯಿತು, ಯಾವ ಗ್ಲೌಸ್, ರಜೆಯಲ್ಲಿ ಇಳಿಯಿತಾ, ಎಲ್ಲ ತಾರೀಕಿನ ಸಮೇತ ಬರೆದಿಡಿ. ಕೈಯ ಫೋಟೋ ತೆಗೆದಿಡಿ. ಗ್ಲೌಸ್ ಬಾಕ್ಸ್‌ನ ಫೋಟೋ ಕೂಡ. ಅರ್ಜಿ ಕೊಟ್ಟರೆ ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಗುತ್ತಿಗೆಯವರು ಒಬ್ಬರೇ ಕೊಡಲು ಹೆದರಿದರೆ ನಾಲ್ಕು ಜನ ಸೇರಿ ಒಂದೇ ಅರ್ಜಿಗೆ ಸಹಿ ಹಾಕಿ. ಕಾಯಂ ಇರುವವರ ಹೆಸರು ಮೇಲೆ ಇರಲಿ.

ಮಳೆಸಾಲು_ಸಿಸ್ಟರ್

ಎಲ್ಲರಿಗೂ, ಮೂರು ವಾರ ಆದಮೇಲೆ ಬರೆಯುತ್ತಿದ್ದೇನೆ. ಮೈಸೂರಿಗೆ ಹೋಗಿ ಪ್ಯಾಚ್ ಟೆಸ್ಟ್ ಮಾಡಿಸಿದೆ. ಹೋಗುವವರಿಗೆ ಉಪಯೋಗ ಆಗಲಿ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸೂಜಿ ಇಲ್ಲ, ನೋವಿಲ್ಲ. ಬೆನ್ನಿಗೆ ಚಿಕ್ಕ ಚಿಕ್ಕ ಬಟ್ಟಲುಗಳ ಪಟ್ಟಿ ಅಂಟಿಸುತ್ತಾರೆ. ಒಂದೊಂದರಲ್ಲಿ ಒಂದೊಂದು ವಸ್ತು. ಸೋಮವಾರ ಅಂಟಿಸಿದರು, ಬುಧವಾರ ತೆಗೆದು ನೋಡಿದರು, ಶುಕ್ರವಾರ ಇನ್ನೊಮ್ಮೆ ನೋಡಿದರು. ಅಷ್ಟು ದಿನ ಬೆನ್ನಿಗೆ ನೀರು ತಾಗಬಾರದು, ಬೆವರಬಾರದು. ಸ್ಟೀರಾಯ್ಡ್ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ಹೇಳಬೇಕು. ಮಡಿಕೇರಿಯಿಂದ ಮೂರು ಸಲ ಬಸ್ಸಿನಲ್ಲಿ ಓಡಾಡುವುದು ಬೇಡ ಎಂದು ನಾನು ಚಿಕ್ಕಮ್ಮನ ಮನೆಯಲ್ಲೇ ಇದ್ದೆ. ಈ ಮಳೆಗಾಲದಲ್ಲಿ ಬೆವರುವ ತಾಪತ್ರಯ ಇಲ್ಲ, ಅದೊಂದು ಅನುಕೂಲ. ನಮ್ಮ ಗ್ಲೌಸಿನ ಒಂದು ತುಂಡೂ ತೆಗೆದುಕೊಂಡು ಹೋಗಿದ್ದೆ, ಅದನ್ನೂ ಅಂಟಿಸಿದರು.

ಬುಧವಾರ ಅಷ್ಟೇನೂ ಇರಲಿಲ್ಲ. ಶುಕ್ರವಾರ ನೋಡಿದರೆ ಥೈಯುರಾಮ್ ಮತ್ತು ಕಾರ್ಬಾ (ಕಾರ್ಬಮೇಟ್ ಇರುವ ಮಿಶ್ರಣ) ಹಾಕಿದ ಕಡೆ ಕೆಂಪಾಗಿ ಊದಿತ್ತು. ಗ್ಲೌಸಿನ ತುಂಡು ಇಟ್ಟ ಜಾಗದಲ್ಲೂ. ಚಿಕ್ಕಮ್ಮ ಫೋನಿನಲ್ಲಿ ಫೋಟೋ ತೆಗೆದು ತೋರಿಸಿದಾಗ ನನಗೆ ಅಳು ಬಂತು. ಬೇಸರಕ್ಕಲ್ಲ. ಎರಡು ವರ್ಷದಿಂದ ನಾನು ಸುಮ್ನೆ ನೆಪ ಹೇಳುತ್ತಿಲ್ಲ ಎಂದು ನನ್ನ ಬೆನ್ನೇ ಹೇಳಿದ ಹಾಗಾಯಿತು.

ಆಕ್ಸಿಲರೇಟರ್ ಇಲ್ಲದ ನೈಟ್ರೈಲ್ ಗ್ಲೌಸ್ ಬರೆದುಕೊಟ್ಟಿದ್ದಾರೆ. ನಮ್ಮ ಸ್ಟೋರಿನಲ್ಲಿ ಅಂಥದ್ದು ಒಂದು ಇದೆ ಎಂದೇ ಗೊತ್ತಿರಲಿಲ್ಲ. ಅರ್ಜಿ ಕೊಟ್ಟಿದ್ದೇನೆ, ನಾವು ಏಳು ಜನ ಸಹಿ ಹಾಕಿದ್ದೇವೆ. ನಮ್ಮ ಹೊಸ ಹುಡುಗಿಯೂ ಹಾಕಿದಳು, ಆಯಮ್ಮನೂ ಹಾಕಿದರು. ಬರುವವರೆಗೆ ಒಂದು ಬಾಕ್ಸ್ ನಾನೇ ಕೊಂಡೆ. ಹತ್ತು ದಿನ ಆಯಿತು. ಮಣಿಕಟ್ಟಿನ ಗೆರೆ ಮಸುಕಾಗಿದೆ.

ನಾಪೋಕ್ಲು_ಹುಡುಗಿ

ನೀವು ಯಾಕೆ ಕೊಂಡಿರಿ ಸಿಸ್ಟರ್? ಒಮ್ಮೆ ನಾವು ಕೊಂಡೆವು ಅಂದರೆ ಮುಂದೆ ಯಾವತ್ತೂ ಅವರು ಕೊಡುವುದಿಲ್ಲ. ವಿನೈಲ್ (ಪ್ಲಾಸ್ಟಿಕ್) ಗ್ಲೌಸ್ ಆದರೂ ಕೇಳಬಹುದಿತ್ತಲ್ಲ, ಅದರಲ್ಲಿ ರಬ್ಬರ್ ಇಲ್ಲ.

ಚರ್ಮದ_ಡಾಕ್ಟರ್

ವಿನೈಲ್‌ನಲ್ಲಿ ರಬ್ಬರ್ ರಾಸಾಯನಿಕ ಇಲ್ಲ, ನಿಜ. ಆದರೆ ಬೇಗ ಹರಿಯುತ್ತದೆ. ರಕ್ತದ ಕೆಲಸಕ್ಕೆ ನಂಬಬೇಡಿ. ಅದಲ್ಲದೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಕ್ಲೋರಿನ್ ಇರುವ ಪ್ಲಾಸ್ಟಿಕ್ ಗ್ಲೌಸ್ ಕೈಬಿಡಬೇಕು ಎಂದಿದೆ. ವಿನೈಲ್ ಆ ಜಾತಿಯದ್ದು.

ಮಳೆಸಾಲು_ಸಿಸ್ಟರ್

ಕೊಂಡ ಬಿಲ್ಲನ್ನೂ ಅರ್ಜಿಗೆ ಸೇರಿಸಿದ್ದೇನೆ ತಂಗಿ. ವಕೀಲರು ಹೇಳಿದ ಹಾಗೆ ಸೀಲು ಹಾಕಿಸಿಕೊಂಡಿದ್ದೇನೆ. ಮುಂದಿನ ಸೋಮವಾರ ಹೊಸ ಹುಡುಗಿಯನ್ನು ಮೈಸೂರಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಚಿಕ್ಕಮ್ಮನ ಮನೆಯಲ್ಲೇ ಅವಳೂ ಇರುತ್ತಾಳೆ. @ನಾಪೋಕ್ಲು_ಹುಡುಗಿ ನೀನೂ ಬರುವುದಾದರೆ ಹೇಳು, ಬೆಳಿಗ್ಗೆಯ ಬಸ್ಸಿಗೆ ಹೋಗೋಣ.

ನಾಪೋಕ್ಲು_ಹುಡುಗಿ

ಬರುತ್ತೇನೆ. ರಜೆ ಕೇಳಿ ಇವತ್ತು ರಾತ್ರಿ ಹೇಳುತ್ತೇನೆ.

ಲ್ಯಾಬ್_ಗೋಣಿಕೊಪ್ಪ

ನನ್ನ ರಕ್ತ ಪರೀಕ್ಷೆ ಪಾಸಿಟಿವ್ ಬಂತು. ಲೇಟೆಕ್ಸ್ ಅಲರ್ಜಿ ಎಂದು ಚೀಟಿ ಬರೆಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಬೆಣ್ಣೆ ಹಣ್ಣು ಈಗ ಪೂರ್ತಿ ಪಕ್ಕದ ಮನೆಗೆ. ಡಾಕ್ಟ್ರೇ, ನಿಮಗೆ ಹೇಗೆ ಧನ್ಯವಾದ ಹೇಳಲಿ.

ಅಮ್ಮನ_ಮಗ_ಸಿದ್ದಾಪುರ

ಅಮ್ಮನಿಗೂ ಎರಡು ಜೊತೆ ಕೊಟ್ಟರು. ಅಮ್ಮನ ಜೊತೆ ಅಲ್ಲಿನ ಒಬ್ಬರು ಸಿಸ್ಟರ್ ಹೋಗಿ ಕೇಳಿದರಂತೆ. ಆದರೆ ದೊಡ್ಡ ಅಳತೆ, ಕೈಯಲ್ಲಿ ನಿಲ್ಲುವುದಿಲ್ಲ, ತುದಿ ಮಡಚಿಕೊಳ್ಳುತ್ತದೆ. ಬೇರೆ ಅಳತೆ ಕೇಳಬಹುದಾ? ಅಮ್ಮನ ಕೈ ತುಂಬ ಚಿಕ್ಕದು.

ನಿವೃತ್ತ_ಥಿಯೇಟರ್_ಸಿಸ್ಟರ್

ಕೇಳಲೇಬೇಕು ಮಗಾ. ಸಡಿಲ ಗ್ಲೌಸಿನೊಳಗೆ ನೀರು ಇಳಿಯುತ್ತದೆ, ಕೈ ಜಾರಿ ಬಾಟಲಿ ಬೀಳುತ್ತದೆ. ಒಂದು ದಾರ ತೆಗೆದುಕೊಂಡು ಹೆಬ್ಬೆರಳು ಬಿಟ್ಟು ಅಮ್ಮನ ಅಂಗೈ ಸುತ್ತ ಅಳೆದು ನೋಡು. ಎಷ್ಟು ಇಂಚು ಬರುತ್ತದೋ ಹೆಚ್ಚುಕಡಿಮೆ ಅದೇ ಗ್ಲೌಸಿನ ಅಳತೆ. ಅಳೆದು ಇಲ್ಲಿ ಬರೆ.

ಅಮ್ಮನ_ಮಗ_ಸಿದ್ದಾಪುರ

ಆರೂವರೆ ಬಂತು ಅಮ್ಮಾ.

ನಿವೃತ್ತ_ಥಿಯೇಟರ್_ಸಿಸ್ಟರ್

ಹಾಗಾದರೆ ಚಿಕ್ಕ ಅಳತೆ, ಆರೂವರೆ ಎಂದು ಚೀಟಿಯಲ್ಲಿ ಬರೆದುಕೊಡು. ಒಳಗೆ ಹತ್ತಿ ಗ್ಲೌಸ್ ಹಾಕುವುದಾದರೆ ಏಳು.